ಒಂಟಿ ಕೆಂಪಿನೋಲೆ

ನಮ್ಮ ಮನೆಯ ಫೋಟೋ ಆಲ್ಬಮ್ಮುಗಳನ್ನು ನೀವು ಎಂದಾದರೂ ತಿರುವಿ ಹಾಕಿದರೆ, ನಮ್ಮವ್ವನಿಗೆ ಎಡಗೆನ್ನೆಯೇ ಇಲ್ಲವೇನೋ ಎಂಬ ಅನುಮಾನ ಬಂದೇ ಬರುತ್ತದೆ. ಮದುವೆಯಿರಲಿ, ನಾಮಕರಣವಿರಲಿ, ಗೃಹಪ್ರವೇಶವಿರಲಿ, ಎಲ್ಲದರಲ್ಲೂ ಅವಳ ಬಲಗೆನ್ನೆಯೊಂದೇ ಹಾಜರು. ನನ್ನ ಮದುವೆಯ ಗುಂಪು ಫೋಟೋದಲ್ಲಂತೂ ಇಡೀ ಬಳಗ ಕ್ಯಾಮೆರಾ ನೋಡುತ್ತಿದ್ದರೆ ಅವ್ವ ಮಾತ್ರ ಅಡುಗೆಯವರು ನಿಂತಿದ್ದ ಕಡೆಗೆ ಮುಖ ತಿರುಗಿಸಿದ್ದಾಳೆ. ಮಗಳ ಮದುವೆಯ ದಿನವೂ ಪಾಪ ಆಯಮ್ಮನಿಗೆ ಊಟದ್ದೇ ಯೋಚನೆ ಎಂದು ಗಂಡಿನ ಕಡೆಯವರು ಮರುಗಿದರಂತೆ. ಊಟದ ಯೋಚನೆಯೂ ಇಲ್ಲ, ಮಣ್ಣೂ ಇಲ್ಲ. ಅವಳ ಬಲಗಿವಿಯಲ್ಲಿದ್ದದ್ದು ನಮ್ಮಜ್ಜಿಯ ಕೆಂಪಿನೋಲೆ. ಎಡಗಿವಿಯಲ್ಲಿದ್ದದ್ದೂ ಕೆಂಪಿನೋಲೆಯೇ, ನಿಮ್ಮ ಕಣ್ಣಿಗೆ, ನನ್ನ ಕಣ್ಣಿಗೆ ಎರಡೂ ಒಂದೇ. ಅವ್ವನ ಕಣ್ಣಿಗೆ ಮಾತ್ರ ಬಲಗಡೆಯದು ಅಜ್ಜಿಯದು, ಎಡಗಡೆಯದು ಅಂಗಡಿಯದು.

ಇದಕ್ಕೆಲ್ಲ ಕಾರಣ ಯಳಂದೂರಿನ ನಮ್ಮಜ್ಜಿಯೇ. ಅಜ್ಜಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನಮ್ಮವ್ವ, ಕೊಳ್ಳೇಗಾಲಕ್ಕೆ ಕೊಟ್ಟಿದ್ದು. ಚಿಕ್ಕವಳು ಶಿವಮ್ಮಣ್ಣಿ, ನನಗೆ ಚಿಕ್ಕವ್ವ, ಅವಳನ್ನು ಹನೂರಿನಿಂದಲೂ ಆಚೆ, ಕಾಡಿನಂಚಿನ ಲೊಕ್ಕನಹಳ್ಳಿಗೆ ಕೊಟ್ಟರು. ಅಜ್ಜಿಗೆ ವಯಸ್ಸಾಯಿತು, ಇದ್ದ ಒಡವೆಯನ್ನು ಕೈಯಾರೆ ಹಂಚಿಬಿಡೋಣ ಎಂದು ಇಬ್ಬರನ್ನೂ ಕರೆಸಿದಳು. ಕೊರಳಿಗೆ ಹಾಕುವ ಅಡ್ಡಿಕೆ ಇತ್ತು, ಬಳೆ ಇದ್ದವು, ಕಾಸಿನ ಸರ ಇತ್ತು. ಆದರೆ ಇಬ್ಬರ ಕಣ್ಣೂ ಅಜ್ಜಿಯ ಕಿವಿಯ ಮೇಲೇ. ಬೇರೆ ಯಾರಾದರೂ ಆಗಿದ್ದರೆ ಓಲೆಯನ್ನು ಒಬ್ಬಳಿಗೆ ಕೊಟ್ಟು ಇನ್ನೊಬ್ಬಳಿಗೆ ಅಡ್ಡಿಕೆ ಕೊಟ್ಟು ಸಮಾಧಾನ ಮಾಡುತ್ತಿದ್ದರು. ನಮ್ಮಜ್ಜಿ ಬಲಗಿವಿಯ ಓಲೆ ಬಿಚ್ಚಿ ದೊಡ್ಡ ಮಗಳ ಅಂಗೈಗೆ ಹಾಕಿದಳು, ಎಡಗಿವಿಯದು ಬಿಚ್ಚಿ ಚಿಕ್ಕ ಮಗಳ ಅಂಗೈಗೆ ಹಾಕಿದಳು. ಇನ್ನೊಂದು ಕಿವಿಗೆ ನೀವು ನೀವೇ ಮಾಡಿಸಿಕೊಳ್ಳಿ ಅಂದಳು. ಅಷ್ಟು ಹೇಳಿ, ನ್ಯಾಯ ತೀರಿಸಿದ ಗತ್ತಿನಲ್ಲಿ ಎಲೆ ಅಡಿಕೆ ಹಾಕಿಕೊಂಡಳು. ಜೋಡಿ ಓಲೆಯನ್ನು ಒಡೆದು ಹಂಚಿದವರನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಪುಸ್ತಕದಲ್ಲಿ ಆ ಕಲ್ಲಿಗೆ ಮಾಣಿಕ್ಯ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಮಾತು ಯಾರ ಬಾಯಲ್ಲೂ ಬಂದದ್ದಿಲ್ಲ. ಕೆಂಪು ಅಂದರೆ ಮುಗಿಯಿತು. ಅಜ್ಜಿಯದು ಏಳು ಕಲ್ಲಿನ ಓಲೆ, ನಡುವೆ ಒಂದು, ಸುತ್ತ ಆರು. ಈಗಿನ ಒಡವೆಯ ಹಾಗೆ ಅಚ್ಚು ಹೊಡೆದಂತೆ ಒಂದೇ ಅಳತೆಯ ಕಲ್ಲುಗಳಲ್ಲ ಅವು. ಒಂದು ಕೊಂಚ ಉದ್ದ, ಒಂದು ಕೊಂಚ ಡೊಂಕು, ಒಂದರೊಳಗೆ ಹೊಗೆ ಹಾಯ್ದ ಹಾಗೆ ಮಸುಕು. ನಾನು ಚಿಕ್ಕವಳಿದ್ದಾಗ ಒಂದೊಂದಕ್ಕೂ ಒಂದೊಂದು ಹೆಸರಿಟ್ಟಿದ್ದೆ. ಆ ಹೆಸರು ಈಗ ಒಂದೂ ನೆನಪಿಲ್ಲ, ಹಾಗೆ ಹೆಸರಿಟ್ಟು ಕರೆದು ಅಜ್ಜಿಯಿಂದ ಬೈಸಿಕೊಂಡದ್ದು ಮಾತ್ರ ನೆನಪಿದೆ.

ಶನಿವಾರ ಶನಿವಾರ ಎಣ್ಣೆ ನೀರು ಹಾಕಿಕೊಳ್ಳುವಾಗ ಅಜ್ಜಿ ಓಲೆ ಬಿಚ್ಚಿ ಅರಿಶಿನದ ಬಟ್ಟಲಲ್ಲಿಟ್ಟು ನನ್ನನ್ನು ಕಾವಲು ಕೂರಿಸುತ್ತಿದ್ದಳು. ಹಳೆಯ ಓಲೆಯ ಹಿಂಬದಿ ಮುಚ್ಚಿರುತ್ತದೆ. ಕಲ್ಲಿನ ಕೆಳಗೆ ತೆಳ್ಳನೆಯ ತಗಡೊಂದನ್ನು ಹಾಸಿ ಅದರ ಮೇಲೆ ಕಲ್ಲು ಕೂರಿಸಿರುತ್ತಾರೆ. ಬೆಳಕು ಒಳಗೆ ಹೋಗಿ ತಗಡಿಗೆ ತಾಗಿ ವಾಪಸು ಬಂದರೇ ಕಲ್ಲು ಉರಿಯುವುದು. ಸೀಗೆಪುಡಿಯ ನೀರು ಒಳಗಿಳಿದು ತಗಡು ಕಪ್ಪಾಯಿತೋ, ಎಂಥ ಕೆಂಪಾದರೂ ಒಣಗಿದ ಹುಣಸೆಬೀಜವೇ. ಕಲ್ಲು ಕುರುಡಾಗುತ್ತದೆ ಎನ್ನುತ್ತಿದ್ದಳು ಅಜ್ಜಿ. ಅವಳು ಬಚ್ಚಲಿಗೆ ಹೋದದ್ದೇ ತಡ, ಕಾವಲುಗಾರ್ತಿಯಾದ ನಾನು ಬಟ್ಟಲಿನಿಂದ ಓಲೆ ತೆಗೆದು ಹಿತ್ತಲ ಬಿಸಿಲಿಗೆ ಹಿಡಿಯುತ್ತಿದ್ದೆ. ಎದುರಿನ ಸುಣ್ಣದ ಗೋಡೆಯ ಮೇಲೆ ಕೆಂಪು ಚುಕ್ಕಿಗಳು ಓಡಾಡುತ್ತಿದ್ದವು. ಬೆಕ್ಕು ಅವುಗಳ ಮೇಲೆ ಎಗರಿ ಎಗರಿ ಗೋಡೆಯ ಸುಣ್ಣವನ್ನೆಲ್ಲ ಕೆರೆದು ಹಾಕಿತ್ತು. ಈ ಬೆಕ್ಕಿಗೆ ಶನಿವಾರ ಮಾತ್ರ ಯಾಕೆ ಹುಚ್ಚು ಹಿಡಿಯುತ್ತದೆ ಎಂದು ಅಜ್ಜಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅಲ್ಲಿಂದ ಶುರುವಾದದ್ದು ನನ್ನ ಕೆಂಪಿನ ಹುಚ್ಚು. ಈಗ ನಾನು ಮನೆಯಲ್ಲೇ ಕೊಳ್ಳೇಗಾಲದ ರೇಷ್ಮೆ ಸೀರೆ ಮಾರುತ್ತೇನೆ. ಮಗ್ಗದವರ ಮನೆಯಿಂದ ತಂದು, ಫೋಟೋ ತೆಗೆದು, ಮೊಬೈಲಿನಲ್ಲಿ ಗಿರಾಕಿಗಳಿಗೆ ಕಳಿಸುವುದು. ರಾಣಿ ಕೆಂಪು, ಅರಗಿನ ಕೆಂಪು, ಟೊಮೇಟೊ ಕೆಂಪು, ಮೆರೂನು, ಈರುಳ್ಳಿ ಬಣ್ಣ, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿವೆ. ಆದರೂ ಫೋಟೋದಲ್ಲಿದ್ದ ಕೆಂಪೇ ಬೇರೆ, ಬಂದ ಕೆಂಪೇ ಬೇರೆ ಎಂದು ತಿಂಗಳಿಗೊಂದು ಸೀರೆಯಾದರೂ ನಮ್ಮ ಮನೆಗೆ ಮರಳಿ ಬರುತ್ತದೆ. ಹಾಗೆ ಬಂದದ್ದನ್ನು ನಾನೇ ಉಟ್ಟುಕೊಳ್ಳುತ್ತೇನೆ. ನಮ್ಮ ಬೀದಿಯವರು ನನ್ನನ್ನು ಭಾರಿ ಸ್ಥಿತಿವಂತೆ ಅಂದುಕೊಂಡಿದ್ದಾರೆ.

ಅವ್ವನ ಕೆಂಪಿನ ಲೆಕ್ಕವೇ ಬೇರೆ. ಅವಳಿಗೆ ದಾಸವಾಳದ ಕೆಂಪು ಉಂಟು, ಹುಣಸೆ ಚಿಗುರಿನ ಕೆಂಪು ಉಂಟು, ಇನ್ನೂ ಒಂದು ವಾರ ಗಿಡದಲ್ಲಿ ಇರಬೇಕಾಗಿದ್ದ ದಾಳಿಂಬೆ ಬೀಜದ ಕೆಂಪು ಉಂಟು. ಅಜ್ಜಿಯ ಓಲೆಯದು ಈ ಕೊನೆಯದು. ಪೂರಾ ಹಣ್ಣಾಗದ ಕೆಂಪು, ಅಂಚಿನಲ್ಲಿ ಎಳೆ ಗುಲಾಬಿ. ತನ್ನ ಎಡಗಿವಿಗೆ ಮಾಡಿಸಿದ ಓಲೆಗೆ ಅಂಥ ಕಲ್ಲು ಸಿಗಲಿಲ್ಲ, ಸಿಕ್ಕಿದ್ದು ದಾಸವಾಳದ್ದು. ಅದಕ್ಕೇ ಆ ಕೆನ್ನೆಗೆ ಫೋಟೋದಲ್ಲಿ ಜಾಗವಿಲ್ಲದೇ ಹೋಯಿತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಓಲೆ ಹಂಚಿದ ಕೆಲವು ವರ್ಷಕ್ಕೆ ಅಜ್ಜಿ ಹೋದಳು. ಆಮೇಲೆ ಚಿಕ್ಕವ್ವನ ಮಗನ ನಾಮಕರಣಕ್ಕೆ ಲೊಕ್ಕನಹಳ್ಳಿಗೆ ಹೋದಾಗ ಅವ್ವ ತೊಟ್ಟಿಲು ನೋಡುವುದಕ್ಕೂ ಮೊದಲು ತಂಗಿಯ ಕಿವಿ ನೋಡಿದಳು. ಎರಡೂ ಕಿವಿಯ ಓಲೆಗಳು ಒಂದೇ ಥರ ಇದ್ದವು. ಅವ್ವನ ಪ್ರಕಾರ ಒಂದೇ ಥರ ಇರುವುದಕ್ಕೆ ಸಾಧ್ಯವೇ ಇಲ್ಲ. ಒಂದು ಅಜ್ಜಿಯದಾಗಿದ್ದರೆ ಇನ್ನೊಂದು ಬೇರೆ ಕಾಣಬೇಕಿತ್ತು, ತನ್ನದು ಕಾಣುವ ಹಾಗೆ. ಅಂದರೆ ಎರಡೂ ಹೊಸವು. ಅಂದರೆ ಅಜ್ಜಿಯದನ್ನು ಮಾರಿದ್ದಾಳೆ. ಅದೇ ವರ್ಷ ಚಿಕ್ಕಪ್ಪ ಹೊಲದಲ್ಲಿ ಬೋರ್ ಕೊರೆಸಿದ್ದರು, ನೀರೂ ಬಂದಿತ್ತು. ಅವ್ವನ ಮನಸ್ಸಿನಲ್ಲಿ ಓಲೆಯೂ ಬೋರೂ ಸೇರಿಕೊಂಡುಬಿಟ್ಟವು.

ಅವಳು ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ನಲವತ್ತು ವರ್ಷ ಕೇಳಲಿಲ್ಲ. ಅಕ್ಕತಂಗಿಯರು ಜಗಳವಾಡಲಿಲ್ಲ, ಮಾತು ಬಿಡಲಿಲ್ಲ. ಮದುವೆ ಮನೆಗಳಲ್ಲಿ ಪಕ್ಕ ಪಕ್ಕ ಕೂತು ಉಂಡರು, ರಾಗಿಯ ವಿಚಾರ, ಮಂಡಿನೋವಿನ ವಿಚಾರ ಮಾತಾಡಿದರು. ಆದರೆ ಅವ್ವ ಲೊಕ್ಕನಹಳ್ಳಿಗೆ ಹೋಗುವುದು ಕಮ್ಮಿಯಾಯಿತು, ಚಿಕ್ಕವ್ವ ಕೊಳ್ಳೇಗಾಲಕ್ಕೆ ಬಂದರೂ ಸಂಜೆ ಬಸ್ಸಿಗೇ ಹೊರಟುಬಿಡುತ್ತಿದ್ದಳು. ಅವಳು ಹೋದ ಮೇಲೆ ಅವ್ವ ಅಡುಗೆಮನೆಯಲ್ಲಿ ಸುಮ್ಮನೆ ಕೂರುತ್ತಿದ್ದಳು. ಕೇಳಿಬಿಡು ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಮಾರಿದ್ದೀನಿ ಅಂದುಬಿಟ್ಟರೆ ಆಮೇಲೆ ನಾನು ಏನು ಮಾಡಲಿ ಎನ್ನುವುದು ಅವಳ ಉತ್ತರ.

ಹೀಗಿರುವಾಗ ಈ ವರ್ಷ ಸಂಕ್ರಾಂತಿಯ ಹಿಂದಿನ ವಾರ ಆಗಬಾರದ್ದು ಆಯಿತು. ಎಣ್ಣೆ ನೀರು ಹಾಕಿಕೊಳ್ಳುವಾಗ ಅವ್ವ ಓಲೆ ಬಿಚ್ಚುವುದನ್ನು ಮರೆತಳು, ನೀರು ಹೊಯ್ಯುತ್ತಿದ್ದ ನಾನೂ ಮರೆತೆ. ತಲೆ ಒರೆಸುವಾಗ ನೋಡುತ್ತೇನೆ, ಬಲಗಿವಿಯ ಓಲೆಯಲ್ಲಿ ಒಂದು ಕಲ್ಲಿನ ಜಾಗ ಖಾಲಿ. ಬಚ್ಚಲಿನ ಜಾಲರಿ ಕಿತ್ತೆ. ಸೀಗೆಪುಡಿಯ ಗಸಿಯನ್ನು ಕಾಫಿ ಸೋಸುವ ಜರಡಿಯಲ್ಲಿ ಸೋಸಿದೆ. ಆ ಜರಡಿಯಲ್ಲಿ ಈಗಲೂ ಕಾಫಿ ಸೋಸುತ್ತಿದ್ದೇವೆ, ನಮ್ಮ ಮನೆಗೆ ಬಂದಾಗ ದಯವಿಟ್ಟು ನೆನಪು ಮಾಡಿಕೊಳ್ಳಬೇಡಿ. ಕಲ್ಲು ಸಿಗಲಿಲ್ಲ. ಅವ್ವ ಅಳಲಿಲ್ಲ, ಬೈಯಲೂ ಇಲ್ಲ. ಇಡೀ ದಿನ ಬಲಗೈಯಲ್ಲಿ ಕಿವಿ ಮುಚ್ಚಿಕೊಂಡು, ಫೋನಿನಲ್ಲಿ ಯಾರದೋ ಮಾತು ಕೇಳಿಸಿಕೊಳ್ಳುವವಳ ಹಾಗೆ ಕೂತಿದ್ದಳು.

ಮಾರನೆಯ ದಿನವೇ ಪೇಟೆಯ ಆಚಾರ್ರ ಅಂಗಡಿಗೆ ಹೋದೆವು. ಆಚಾರ್ರು ಮಾತುಗಾರರು. ಅವರ ಮಂಡಿನೋವು, ಅವರ ಮಗನ ಹೊಸ ಗಾಡಿ, ಚಿನ್ನದ ದರ ಎಲ್ಲ ಮುಗಿದ ಮೇಲೆ ನಮ್ಮ ಓಲೆಗೆ ಬಂದರು. ಬಿಳಿ ಕಾಗದದ ಪೊಟ್ಟಣ ಬಿಚ್ಚಿ ದೀಪದ ಕೆಳಗೆ ಕಲ್ಲುಗಳನ್ನು ಹರವಿದರು. ನಾನಂತೂ ಹಿಂದಿನ ರಾತ್ರಿಯೆಲ್ಲ ಮೊಬೈಲಿನಲ್ಲಿ ಕೆಂಪು ಆರಿಸುವುದು ಹೇಗೆ ಎಂದು ನೋಡಿ ತಯಾರಾಗಿ ಹೋಗಿದ್ದೆ. ಬೆಂಕಿಗೆ ಇಟ್ಟು ಬಣ್ಣ ಏರಿಸಿದ್ದೋ, ಬಿರುಕಿಗೆ ಗಾಜು ತುಂಬಿದ್ದೋ, ಒಳಗೆ ಗಾಳಿಗುಳ್ಳೆ ಇದೆಯೋ ಎಂದೆಲ್ಲ ಕೇಳಿದೆ. ಆಚಾರ್ರು ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ಅದರಲ್ಲಿ ನನಗೆ ಕಂಡದ್ದು ನನ್ನ ರೆಪ್ಪೆಯ ಕೂದಲು.

ಅವ್ವ ದೀಪ ಆರಿಸಲು ಹೇಳಿದಳು. ಒಂದೊಂದೇ ಕಲ್ಲನ್ನು ಅಂಗಡಿಯ ಬಾಗಿಲಿಗೆ ತಂದು, ಬಿಸಿಲಿನಲ್ಲಿ, ತನ್ನ ಎರಡು ಬೆರಳಿನ ಸಂದಿಯಲ್ಲಿ ಇಟ್ಟು ನೋಡಿದಳು. ಬಿಳಿ ಕಾಗದದ ಮೇಲೆ ಎಲ್ಲ ಕೆಂಪೂ ಚೆನ್ನಾಗಿಯೇ ಕಾಣುತ್ತದಂತೆ. ಹಾಕಿಕೊಳ್ಳುವುದು ಕಾಗದಕ್ಕಲ್ಲವಲ್ಲ, ಮೈಯ ಬಣ್ಣದ ಮೇಲೆ ಇಟ್ಟಾಗ ಅದು ಏನು ಮಾಡುತ್ತದೆ ಎನ್ನುವುದೇ ಮುಖ್ಯವಂತೆ. ನನಗೆ ಎಲ್ಲಕ್ಕಿಂತ ಚೆಂದ ಕಂಡ ಕಲ್ಲು, ಉರಿಯುವ ಕೆಂಡದಂಥದ್ದು, ಅವಳ ಬೆರಳಿನ ಸಂದಿಯಲ್ಲಿ ಕಪ್ಪಗಾಗಿಬಿಟ್ಟಿತು. ಇನ್ನೊಂದನ್ನು ನೋಡಿ, ಇದು ಮುನಿಸಿಕೊಂಡದೆ ಅಂದಳು. ಮತ್ತೊಂದು ಬಲು ಮಾತಾಡುತ್ತದೆಯಂತೆ. ಆಚಾರ್ರು ಬೆವರು ಒರೆಸಿಕೊಂಡರು. ಕೊನೆಗೆ, ಯಾವುದನ್ನು ಕೂರಿಸಿದರೂ ನೋಡಿದವರಿಗೆ ಗೊತ್ತಾಗುವುದಿಲ್ಲ ಎಂದು ಹೇಳಿನೋಡಿದರು. ಅವ್ವ ಅವರ ಮುಖವನ್ನೇ ನೋಡಿದಳು. ಅವರು ತಮ್ಮ ಮಾತನ್ನು ತಾವೇ ವಾಪಸು ತೆಗೆದುಕೊಂಡರು.

ನಾನು ಸುಮ್ಮನಿರಲಾರದೆ, ನನ್ನ ಬುದ್ಧಿಯಲ್ಲಿ ಒಂದು ಕಲ್ಲನ್ನು ಆರಿಸಿ ಕೊಂಡುಕೊಂಡೆ. ಅವ್ವ ಅದನ್ನು ನೋಡಿ, ಸೀರೆಗೆ ಮ್ಯಾಚಿಂಗ್ ಆಯ್ತದೆ ಬುಡು ಅಂದಳು. ಅಷ್ಟೇ. ಹೊರಡುವಾಗ ಆಚಾರ್ರು ಸಹಜವಾಗಿ ಒಂದು ಮಾತು ಹೇಳಿದರು. ಈ ಓಲೆಗೆ ಇದರ ಜೊತೆಯ ಓಲೆಯ ಕಲ್ಲೇ ಸರಿಹೋಗುವುದು, ಅದೆಲ್ಲಿದೆ ಅಂತ ಕೇಳಿದರು. ಅವ್ವ ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿದಳು. ಚಪ್ಪಲಿ ಅವಳ ಕಾಲಲ್ಲೇ ಇತ್ತು.

ಸಂಕ್ರಾಂತಿಯ ಎಳ್ಳು ಬೆಲ್ಲ ಮುಗಿಯಿತು. ಒಂದು ಬೆಳಿಗ್ಗೆ ಅವ್ವ ಕಾಫಿ ಲೋಟ ಕೆಳಗಿಟ್ಟು, ಲೊಕ್ಕನಹಳ್ಳಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ನಾನು ಯಾಕೆ ಎಂದು ಕೇಳಲಿಲ್ಲ. ಕೇಳಿದರೆ ಬೇಡ ಅಂದುಬಿಟ್ಟಾಳು ಎಂದು ಬೇಗ ಬೇಗ ಸೀರೆ ಸುತ್ತಿಕೊಂಡೆ. ಆಚಾರ್ರ ಅಂಗಡಿಯಲ್ಲಿ ಕೊಂಡ ಕಲ್ಲಿನ ಪೊಟ್ಟಣವೂ ನನ್ನ ಪರ್ಸಿನಲ್ಲೇ ಇತ್ತು. ಹನೂರಿನಲ್ಲಿ ಬಸ್ಸು ಬದಲಾಯಿಸಿ, ಕಿಟಕಿಯ ಪಕ್ಕ ಕೂತು, ಸೆರಗನ್ನು ಬಲಗಿವಿಯ ಮೇಲೆ ಎಳೆದುಕೊಂಡು ಅವ್ವ ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು. ಮುಸುಕಿನ ಜೋಳ ಕಟಾವಾದ ಹೊಲಗಳು, ನಡುನಡುವೆ ಅಟ್ಟಣೆಗಳು, ಆಚೆಗೆ ಬೆಟ್ಟ. ಇದ್ದಕ್ಕಿದ್ದ ಹಾಗೆ, ಮಾರಿದ್ದರೂ ಪರವಾಗಿಲ್ಲ, ನನಗೆ ಗೊತ್ತಾಗಿಬಿಟ್ಟರೆ ಸಾಕು ಎಂದಳು. ಪರವಾಗಿಲ್ಲ ಎಂಬುದನ್ನು ಅವಳ ಮುಖ ನಂಬಿದ ಹಾಗೆ ಕಾಣಲಿಲ್ಲ. ಅವಳಿಗೆ ಎಪ್ಪತ್ತೆಂಟು, ಚಿಕ್ಕವ್ವನಿಗೆ ಎಪ್ಪತ್ತರ ಮೇಲೆ. ಇನ್ನೆಷ್ಟು ಸಲ ಈ ಬಸ್ಸು ಹತ್ತುತ್ತಾರೆ ಎಂದು ನನಗೂ ಅನ್ನಿಸಿತು.

ಚಿಕ್ಕವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಮ್ಮನ್ನು ನೋಡಿದವಳೇ ತುಟಿಯ ಮೇಲೆ ಬೆರಳಿಟ್ಟಳು. ಚಿಕ್ಕಪ್ಪ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಆನೆ ಕಾದು ಬಂದು ಆಗ ತಾನೇ ಮಲಗಿದ್ದರಂತೆ. ಹಾಗಾಗಿ ಆ ದಿನ ಅಲ್ಲಿ ನಡೆದ ಮಾತೆಲ್ಲ ಪಿಸುಮಾತಿನಲ್ಲೇ ನಡೆಯಿತು. ಆ ಮುದುಕರ ನಿದ್ದೆಗೆ ನಾನು ಇವತ್ತಿಗೂ ಋಣಿ. ಗಟ್ಟಿಯಾಗಿ ಮಾತಾಡಲು ಅವಕಾಶ ಇದ್ದಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಕಾಫಿ ಬಂತು. ಅವ್ವ ತಂಗಿಯ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ತಾನೂ ಸುಲಿಯತೊಡಗಿದಳು. ಕಲ್ಲು ಕಳೆದದ್ದು, ಆಚಾರ್ರ ಅಂಗಡಿಗೆ ಹೋದದ್ದು, ಅವರು ಹೇಳಿದ್ದು ಎಲ್ಲವನ್ನೂ ನಾನೇ ಹೇಳಿದೆ. ಜೊತೆಯ ಓಲೆ ಎಲ್ಲಿದೆ ಎಂದು ಕೇಳಿದರು ಎನ್ನುವಲ್ಲಿಗೆ ಬಂದು ನನ್ನ ಮಾತು ನಿಂತಿತು. ಚಿಕ್ಕವ್ವನ ಕೈ ನಿಲ್ಲಲಿಲ್ಲ. ಕಾಳು ಒಂದೊಂದಾಗಿ ಪಾತ್ರೆಗೆ ಬೀಳುತ್ತಿದ್ದವು.

"ನಾನು ಮಾರ್ಕಬುಟ್ಟೆ ಅಂತ ತಾನೆ ನೀನು ಅನ್ಕಂಡಿರದು?" ಅಂದಳು ಚಿಕ್ಕವ್ವ. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಬಂದಾಗೆಲ್ಲ ನೀನು ನನ್ನ ಮಖ ನೋಡ್ನಿಲ್ಲ ಕಣಕ್ಕ. ಕಿವಿ ನೋಡ್ದೆ."

"ಕೇಳುದ್ರೆ ನಿನ್ನ ಕಳ್ಳಿ ಅಂದಂಗಾಯ್ತದೆ," ಅಂದಳು ಅವ್ವ. "ಅದ್ಕೇ ಕೇಳ್ನಿಲ್ಲ."

"ಕೇಳ್ದೆ ಇದ್ರೂ ಅಂದಂಗೇ ಆಯ್ತು ಬುಡು."

ಅವ್ವ ತಲೆ ತಗ್ಗಿಸಿದಳು. ಚಿಕ್ಕವ್ವ ಕೈ ಒರೆಸಿಕೊಂಡು, ಕಿವಿಯ ಹಿಂದೆ ಬೆರಳು ಹಾಕಿ ತಿರುಪು ಬಿಚ್ಚಿದಳು. ಒಂದಾದ ಮೇಲೆ ಒಂದು, ಎರಡೂ ಓಲೆಗಳನ್ನು ತೆಗೆದು ಅಕ್ಕನ ಅಂಗೈಯಲ್ಲಿಟ್ಟಳು. ನಲವತ್ತು ವರ್ಷದ ಭಾರಕ್ಕೆ ಅವಳ ಕಿವಿಯ ತೂತುಗಳು ಉದ್ದುದ್ದ ಜೋತಿದ್ದವು. ಆಮೇಲೆ ನಡೆದದ್ದನ್ನು ಹೇಳಿದಳು. ಅಜ್ಜಿ ಕೊಟ್ಟ ಓಲೆಯನ್ನು ಅವಳು ಹನೂರಿನ ಒಬ್ಬ ಆಚಾರಿಯ ಹತ್ತಿರ ಒಯ್ದು, ಇನ್ನೊಂದು ಕಿವಿಗೆ ಮಾಡಿಕೊಡಲು ಹೇಳಿದಳಂತೆ. ಹೊಸ ಓಲೆ ತಯಾರಾದ ಮೇಲೆ ಎರಡನ್ನೂ ಹಾಕಿಕೊಂಡು ಕನ್ನಡಿ ನೋಡಿದರೆ ಎರಡೂ ಬೇರೆ ಬೇರೆ ಕಂಡವಂತೆ. ಮತ್ತೆ ಬಿಚ್ಚಿ ಅವನಿಗೇ ವಾಪಸು ಕೊಟ್ಟು, ಎರಡರ ಕಲ್ಲುಗಳನ್ನೂ ಕಿತ್ತು ಬೆರೆಸಿ ಕೂರಿಸು ಅಂದಳಂತೆ.

"ಒಂದು ಕಿವೀಲಿ ಅವ್ವ, ಇನ್ನೊಂದು ಕಿವೀಲಿ ಅಂಗ್ಡಿ ಅಂದ್ರೆ ಮನ್ಸು ಒಪ್ನಿಲ್ಲ ಕಣಕ್ಕ. ಎರಡು ಕಿವೀಗೂ ಅವ್ವ ಇರ್ಲಿ ಅಂದೆ. ಯಾವ್ದು ಅವ್ವಂದು, ಯಾವ್ದು ಹೊಸಾದು ಅಂತ ನನಗೂ ಹೇಳ್ಬ್ಯಾಡ ಅಂತ ಆಚಾರಿಗೆ ಹೇಳ್ಬುಟ್ಟೆ."

ಅವ್ವ ಓಲೆಗಳನ್ನು ಅಂಗೈಯಲ್ಲೇ ಮುಚ್ಚಿ ಹಿಡಿದಳು. ಎದ್ದು ಅಂಗಳದ ಬಿಸಿಲಿಗೆ ಹೋದಳು. ಅಂಗಡಿಯಲ್ಲಿ ಮಾಡಿದ ಹಾಗೆಯೇ ಒಂದು ಓಲೆಯನ್ನು ಬೆರಳಿನ ಸಂದಿಗೆ ಸಿಕ್ಕಿಸಿ ನೋಡಿದಳು, ಆಮೇಲೆ ಇನ್ನೊಂದನ್ನು. ಪೊರೆ ತೆಗೆಸಿದ ಆ ಕಣ್ಣುಗಳನ್ನು ಕಿರಿದು ಮಾಡಿ, ಓಲೆಯನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ ನೋಡುತ್ತಲೇ ಇದ್ದಳು. ಅವಳ ಕಣ್ಣಿಗೆ ಒಂದೂ ಹಳೆಯದು ಕಾಣದೆ ಹೋದರೆ? ಹನೂರಿನ ಆಚಾರಿ ಬೆರೆಸುವ ನೆಪದಲ್ಲಿ ಅಜ್ಜಿಯ ಕಲ್ಲುಗಳನ್ನು ತಾನೇ ಇಟ್ಟುಕೊಂಡಿದ್ದರೆ? ಚಿಕ್ಕವ್ವನೂ ಅದನ್ನೇ ಯೋಚಿಸುತ್ತಿದ್ದಳೋ ಏನೋ, ಅವರೆಕಾಳನ್ನು ಸಿಪ್ಪೆಯ ರಾಶಿಗೆ ಹಾಕಿ ಸಿಪ್ಪೆಯನ್ನು ಪಾತ್ರೆಗೆ ಹಾಕುತ್ತಿದ್ದಳು. ಅವಳಿಗೂ ಯಾವುದು ಯಾವುದೆಂದು ತಿಳಿಯದು ನೋಡಿ, ಇಷ್ಟು ವರ್ಷವೂ ಬರೀ ನಂಬಿಕೆಯ ಮೇಲೆ ಹಾಕಿಕೊಂಡಿದ್ದಳು.

ಅವ್ವ ಜಗಲಿಗೆ ವಾಪಸು ಬಂದು ತಂಗಿಯ ಪಕ್ಕದಲ್ಲಿ ಕೂತಳು.

"ಎಲ್ಲಾ ಅವೆ ಕಣೇ ಶಿವಿ," ಅಂದಳು. "ಏಳೂ ಅವೆ."

ಶಿವಿ ಎಂದು ಅವಳು ಕರೆದದ್ದನ್ನು ನಾನು ಕೇಳಿದ್ದು ಯಳಂದೂರಿನ ಕಾಲದಲ್ಲಿ. ಚಿಕ್ಕವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಒತ್ತಿಕೊಂಡು, ಕಾಫಿ ಆರಿಸಿಬಿಟ್ಟೆಯಲ್ಲ ಎಂದು ನನ್ನನ್ನು ಗದರಿದಳು. ಒಳಗೆ ಚಿಕ್ಕಪ್ಪ ಮಗ್ಗಲು ಬದಲಿಸಿದ ಸದ್ದಾಯಿತು, ಮೂವರೂ ಉಸಿರು ಬಿಗಿ ಹಿಡಿದೆವು. ನನಗೂ ಅಳು ಬಂತು, ಅದರಲ್ಲಿ ಮುಚ್ಚಿಡುವುದೇನು? ಒಂದು ಜೊತೆ ಓಲೆಯನ್ನು ಒಬ್ಬಳು ಒಂದು ಥರ ಕಾಪಾಡಿದಳು, ಇನ್ನೊಬ್ಬಳು ಇನ್ನೊಂದು ಥರ ಕಾಪಾಡಿದಳು. ಅದನ್ನು ಹೇಳಿಕೊಳ್ಳಲು ಇಬ್ಬರಿಗೂ ಬಾಯಿ ಬಂದಿರಲಿಲ್ಲ ಅಷ್ಟೇ.

ಆಮೇಲಿನದೆಲ್ಲ ಸುಲಭವಾಯಿತು. ಚಿಕ್ಕವ್ವ ಹಟ ಹಿಡಿದಳು, ಅಜ್ಜಿಯ ಕಲ್ಲು ಒಂದನ್ನು ಕಿತ್ತು ಅಕ್ಕನ ಓಲೆಗೆ ಕೂರಿಸಲೇಬೇಕು. ಬೇಡ ಅಂದರೆ ಮತ್ತೆ ಮುಖ ದಪ್ಪ ಮಾಡಿಕೊಳ್ಳುವ ಸೂಚನೆ ಕಂಡಿತು. ಖಾಲಿಯಾದ ಜಾಗಕ್ಕೆ ಏನು ಮಾಡುವುದು ಎಂದರೆ, ನೀನು ಕೊಂಡುಕೊಂಡಿದ್ದೀಯಲ್ಲ ಹೊಸದು, ಅದನ್ನು ಹಾಕಿಸು ಎಂದು ನನಗೆ ಹೇಳಿದಳು. ಅದು ಅಷ್ಟು ಒಪ್ಪುವುದಿಲ್ಲ ಚಿಕ್ಕವ್ವ ಎಂದರೆ, ಇಲ್ಲಿ ಯಾರು ನೋಡಬೇಕು, ಆನೆ ಬಂದು ನೋಡುತ್ತದಾ ಎಂದಳು. ಎರಡು ಓಲೆಗಳಲ್ಲಿ ಒಂದನ್ನು ತಾನು ಹಾಕಿಕೊಂಡು ಇನ್ನೊಂದನ್ನು ಅವ್ವನ ಸೆರಗಿನ ತುದಿಗೆ ತಾನೇ ಗಂಟು ಹಾಕಿದಳು. ಗಂಟು ಹಾಕುವ ಮೊದಲು ಆಚಾರ್ರಿಗೆ ಗುರುತಿರಲಿ ಎಂದು, ಯಾವ ಕಲ್ಲನ್ನು ಕೀಳಬೇಕೋ ಅದಕ್ಕೆ ಎಲೆ ಅಡಿಕೆಯ ಸುಣ್ಣದಲ್ಲಿ ಒಂದು ಚುಕ್ಕಿ ಇಡಲು ಹೇಳಿದಳು. ಯಾವುದು ಎಂದು ಅವಳಿಗೆ ಗೊತ್ತಿಲ್ಲವಲ್ಲ. ಅವ್ವ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಸುತ್ತಿನಲ್ಲಿ ಕೆಳಗಿದ್ದ ಒಂದು ಕಲ್ಲಿಗೆ ಸುಣ್ಣ ಮುಟ್ಟಿಸಿದಳು. ಚಿಕ್ಕವ್ವ ಅದನ್ನು ಕಣ್ಣಿಗೊತ್ತಿಕೊಂಡು ಕಳಿಸಿಕೊಟ್ಟಳು. ನಾವು ಬಸ್ಸು ಹತ್ತುವಾಗ ಒಂದೇ ಕಿವಿಯ ಓಲೆಯಲ್ಲಿ ನಿಂತು ಕೈ ಬೀಸಿದಳು, ಅವರೆಕಾಳಿನ ಚೀಲ ನನ್ನ ತೊಡೆಯ ಮೇಲಿತ್ತು.

ಎರಡು ದಿನ ಬಿಟ್ಟು ಆಚಾರ್ರ ಅಂಗಡಿಗೆ ಹೋದೆವು. ಅವರು ಈ ಸಲ ಮಂಡಿಯ ವಿಚಾರ ಎತ್ತಲಿಲ್ಲ, ನೇರವಾಗಿ ಕೆಲಸಕ್ಕೆ ಕೂತರು. ಚಿಮಟದ ತುದಿಯಲ್ಲಿ ಅಂಚು ಬಿಡಿಸಿ, ಸುಣ್ಣದ ಗುರುತಿನ ಕಲ್ಲನ್ನು ಮೆಲ್ಲಗೆ ಎಬ್ಬಿಸಿ ಅಂಗೈಗೆ ಹಾಕಿಕೊಂಡರು. ಹಿಂದುಮುಂದು ತಿರುಗಿಸಿ ನೋಡಿದರು. ಆಮೇಲೆ ಓಲೆಯನ್ನೂ ಕಲ್ಲನ್ನೂ ನಮ್ಮ ಮುಂದಿಟ್ಟರು. ಹಳೆಯ ಕಲ್ಲುಗಳನ್ನು ಕೈಯಲ್ಲಿ ತೀಡುತ್ತಿದ್ದರಂತೆ, ಅವುಗಳ ಬೆನ್ನು ಉಬ್ಬುತಗ್ಗಾಗಿರುತ್ತದಂತೆ. ಇದರ ಬೆನ್ನು ಮೆಷಿನ್ನಿನಲ್ಲಿ ಕೊರೆದು ನಯವಾಗಿದೆ, ಇದು ಆಮೇಲೆ ಸೇರಿಸಿದ್ದು, ಸುಣ್ಣ ಹಚ್ಚುವಾಗ ತಪ್ಪಾಗಿದೆ ಎಂದರು. ಪಕ್ಕದ್ದು ಹಳೆಯದಿರಬೇಕು, ಅದನ್ನು ತೆಗೆಯಲಾ ಎಂದು ಚಿಮಟ ಎತ್ತಿಕೊಂಡರು.

"ಬ್ಯಾಡ," ಅಂದಳು ಅವ್ವ. "ಅದ್ನ ಮುಟ್ಬ್ಯಾಡಿ. ಇದ್ನೇ ನನ್ನ ಓಲೆಗೆ ಕೂರ್ಸಿ."

ಆಚಾರ್ರು ನನ್ನ ಕಡೆ ನೋಡಿದರು. ಪಾಪ, ವಯಸ್ಸಾದ ಕಣ್ಣು, ಸೋತಿತು ಎಂದು ನನಗೆ ಬೇಸರವಾಯಿತು. ಅವ್ವನ ಕಿವಿಯ ಹತ್ತಿರ ಬಗ್ಗಿ, ಅವ್ವಾ ಇದು ಅಜ್ಜಿದಲ್ಲವಂತೆ ಎಂದೆ.

"ಗೊತ್ತು ಕಣಮ್ಮಿ. ಗೊತ್ತಿದ್ದೇ ಸುಣ್ಣ ಇಟ್ಟಿದ್ದು. ಅವ್ಳ ಕಿವಿಯಿಂದ ಅವ್ವನ್ನ ಕಿತ್ಕಂಡು ಬರ್ಲಾ ನಾನು?"

ಆಚಾರ್ರ ಅಂಗೈಯಿಂದ ಆ ಕಲ್ಲನ್ನು ತೆಗೆದುಕೊಂಡು ಅವ್ವ ಬಾಗಿಲ ಬಿಸಿಲಿಗೆ ಹಿಡಿದಳು. ಸುಣ್ಣವನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದಳು.

"ಇದೇನ್ ಹೊಸಾದಾ? ನಲವತ್ತು ವರ್ಸ ನನ್ನ ತಂಗಿ ಕಿವೀಲಿತ್ತು."